ಮನೋರೋಗಿಯ ಚಿಕಿತ್ಸೆ: ಬಲವೇ, ಒಲವೇ?

ಪರರ ಹಿತಕ್ಕಾಗಿ ಪರರ ಮೇಲೆಯೇ ಬಲವನ್ನು ಪ್ರಯೋಗಿಸುವುದು ಧರ್ಮವೇ ಎಂಬ ಪ್ರಶ್ನೆಯು ಬಹು ಹಳೆಯದು. ಹಸುಳೆಯು ಉರಿಯುವ ದೀಪಕ್ಕೆ ಕೈಯೊಡ್ಡಿದಾಗ ತಾಯಿಯು ಆ ಕೈಯನ್ನು ಹಿಡಿದು ಸೆಳೆಯುತ್ತಾಳೆ. ಮಗು ಅಳುತ್ತದೆ, ಆದರೂ ತಾಯಿಯ ಆ ಕೃತ್ಯವನ್ನು ಯಾರೂ ಹಿಂಸೆಯೆಂದು ಕರೆಯುವುದಿಲ್ಲ. ಅದೇ ತಾಯಿಯು ಮೂವತ್ತು ವರ್ಷದ ಮಗನ ಕೈಯನ್ನು ಹಾಗೆಯೇ ಹಿಡಿದು ಎಳೆಯಲು ಹೊರಟರೆ ಲೋಕವು ಒಪ್ಪುವುದಿಲ್ಲ. ಬೆಳೆದ ಮನುಷ್ಯನಿಗೆ ತನ್ನ ಹಿತಾಹಿತಗಳ ಅರಿವುಂಟು, ಅವನ ದಾರಿ ಅವನದು ಎಂಬುದು ಎಲ್ಲರೂ ಮನ್ನಿಸಿದ ಮಾತು. ಆದರೆ ಆ ಮಗನ ಅರಿವನ್ನೇ ರೋಗವು ಆವರಿಸಿಕೊಂಡಿದ್ದರೆ? ಆಗ ತಾಯಿಯ ಧರ್ಮವೇನು? ನೆರೆಹೊರೆಯವರ ಧರ್ಮವೇನು? ರಾಜ್ಯದ ಧರ್ಮವೇನು?

ಶರಣರ ಮಾರ್ಗದಲ್ಲಿ ನಡೆಯುವವರಿಗೆ ಈ ಪ್ರಶ್ನೆಯು ಇನ್ನಷ್ಟು ಕಠಿಣವಾದುದು. ಆ ಮಾರ್ಗದಲ್ಲಿ ಅರಿವಿಗೆ ಗುರುವಿನ ಸ್ಥಾನವುಂಟು. ದಯೆಗೆ ಧರ್ಮದ ತಳಹದಿಯ ಸ್ಥಾನವುಂಟು. ಇಷ್ಟಲಿಂಗವನ್ನು ಒಬ್ಬೊಬ್ಬರ ಅಂಗೈಗೂ ಕೊಟ್ಟ ಧರ್ಮವು ಒಬ್ಬನ ಅಂತರಂಗದ ಹೊಣೆಯನ್ನು ಮತ್ತೊಬ್ಬನ ಕೈಗೆ ಸುಲಭವಾಗಿ ಒಪ್ಪಿಸುವುದಿಲ್ಲ. ಅರಿವು ಹೇಳುತ್ತದೆ: ಅವನ ಇಚ್ಛೆಯನ್ನು ಮುರಿಯಬೇಡ. ದಯೆ ಹೇಳುತ್ತದೆ: ಅವನನ್ನು ಬೀದಿಯಲ್ಲಿ ಬಿಡಬೇಡ. ಈ ಎರಡು ಮಾತುಗಳು ಎದುರೆದುರು ನಿಂತಾಗ ಯಾವುದನ್ನು ಕೇಳಬೇಕು? ಈ ವಿಚಾರವನ್ನು ಗಾಳಿಯಲ್ಲಿ ತೂಗುವುದಕ್ಕಿಂತ, ಒಂದು ನಾಡು ಇದಕ್ಕೆಂದೇ ಕಾನೂನು ಮಾಡಿ ಕಂಡ ಅನುಭವವನ್ನು ಮುಂದಿಟ್ಟುಕೊಂಡು ವಿಮರ್ಶಿಸುವುದು ಮೇಲು.

1999ನೆಯ ಇಸವಿಯ ಜನವರಿ 3ರಂದು ಅಮೇರಿಕೆಯ ನ್ಯೂಯಾರ್ಕ್ ನಗರದ 23ನೆಯ ಬೀದಿಯ ನೆಲದಡಿಯ ರೈಲು ನಿಲ್ದಾಣದಲ್ಲಿ ಕೆಂಡ್ರಾ ವೆಬ್‌ಡೇಲ್ ಎಂಬ 32 ವರ್ಷದ ಯುವತಿಯು ರೈಲಿಗಾಗಿ ಕಾಯುತ್ತ ನಿಂತಿದ್ದಳು. ಅವಳಿಗೆ ಗುರುತೇ ಇಲ್ಲದ ಒಬ್ಬ ಮನುಷ್ಯನು, ರೈಲು ಒಳಬರುತ್ತಿದ್ದಂತೆ, ಅವಳನ್ನು ಹಳಿಯ ಮೇಲೆ ನೂಕಿದನು. ಅವಳು ಅಲ್ಲಿಯೇ ಮಡಿದಳು. ನೂಕಿದವನು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದಿಂದ ಬಹುಕಾಲ ನರಳಿದವನು. ಔಷಧವನ್ನು ಆಗಾಗ ಬಿಟ್ಟುಬಿಡುತ್ತಿದ್ದವನು. ಜನರು ಭಯದಿಂದಲೂ ಕೋಪದಿಂದಲೂ ತಲ್ಲಣಿಸಿದರು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ನ್ಯೂಯಾರ್ಕ್ ಸಂಸ್ಥಾನವು ಒಂದು ಶಾಸನವನ್ನು ಅಂಗೀಕರಿಸಿತು. ಮಡಿದ ಯುವತಿಯ ಹೆಸರಿನಿಂದ ಅದನ್ನು ಇಂದಿಗೂ ‘ಕೆಂಡ್ರಾ ಕಾನೂನು’ ಎಂದೇ ಕರೆಯುತ್ತಾರೆ.

ಈ ಕಾನೂನಿನ ತಿರುಳು ಇಷ್ಟು. ಮನೋರೋಗಿಯನ್ನು ಆಸ್ಪತ್ರೆಯೊಳಗೆ ಕೂಡಿಹಾಕದೆ, ಅವನು ತನ್ನ ಮನೆಯಲ್ಲಿ, ತನ್ನ ಜನರ ನಡುವೆ ಇದ್ದುಕೊಂಡೇ ಚಿಕಿತ್ಸೆಯನ್ನು ಪಡೆಯಬೇಕೆಂದು ನ್ಯಾಯಾಲಯವು ಆಜ್ಞೆ ಮಾಡಬಹುದು. ಆದರೆ ಆ ಆಜ್ಞೆಯು ಕಂಡಕಂಡವರಿಗೆಲ್ಲ ಅನ್ವಯಿಸುವುದಿಲ್ಲ. ರೋಗಿಗೆ 18 ವರ್ಷ ತುಂಬಿರಬೇಕು. ಚಿಕಿತ್ಸೆಯನ್ನು ಬಿಟ್ಟ ಕಾರಣದಿಂದ ಹಿಂದಿನ 36 ತಿಂಗಳಲ್ಲಿ ಎರಡು ಬಾರಿಯಾದರೂ ಆಸ್ಪತ್ರೆಯನ್ನು ಸೇರಿರಬೇಕು, ಇಲ್ಲವೆ ಸೆರೆಮನೆಯಲ್ಲಿ ಚಿಕಿತ್ಸೆ ಪಡೆದಿರಬೇಕು; ಅಥವಾ ಹಿಂದಿನ 48 ತಿಂಗಳಲ್ಲಿ ತನಗೋ ಪರರಿಗೋ ಘೋರವಾದ ಹಾನಿಯನ್ನು ಮಾಡಿರಬೇಕು, ಮಾಡಲು ಯತ್ನಿಸಿರಬೇಕು ಇಲ್ಲವೆ ಮಾಡುವೆನೆಂದು ಬೆದರಿಸಿರಬೇಕು. ತಾನಾಗಿ ಚಿಕಿತ್ಸೆಗೆ ಒಪ್ಪುವ ಸಂಭವವು ಕಡಿಮೆಯಿರಬೇಕು. ಇದಕ್ಕಿಂತ ಮೃದುವಾದ ಬೇರೆ ಉಪಾಯವು ಇಲ್ಲದಿರಬೇಕು. ತಂದೆತಾಯಿ, ಪತಿ ಅಥವಾ ಪತ್ನಿ, ಒಡಹುಟ್ಟಿದವರು, ವೈದ್ಯರು ಮೊದಲಾದವರು ಅರ್ಜಿಯನ್ನು ಸಲ್ಲಿಸಬಹುದು. ವೈದ್ಯನು ಪರೀಕ್ಷಿಸಿ ಸಾಕ್ಷ್ಯ ಹೇಳಬೇಕು. ರೋಗಿಯ ಪರವಾಗಿ ವಕೀಲನಿರಬೇಕು. ಚಿಕಿತ್ಸೆಯ ಕ್ರಮವನ್ನು ಗೊತ್ತುಮಾಡುವಾಗ ರೋಗಿಯ ಮಾತಿಗೂ ಎಡೆಯಿರಬೇಕು. ಮೊದಲ ಆಜ್ಞೆಯ ಅವಧಿಯು ಆದಿಯಲ್ಲಿ ಆರು ತಿಂಗಳಿದ್ದುದು 2013ರಲ್ಲಿ ಒಂದು ವರ್ಷದವರೆಗೆ ಬೆಳೆಯಿತು.

ಆಜ್ಞೆಯನ್ನು ಮೀರಿದರೆ ಆಗುವುದೇನು ಎಂಬ ಅಂಶವು ವಿಶೇಷವಾಗಿ ಗಮನಿಸತಕ್ಕುದು. ಮೀರಿದವನು ಅಪರಾಧಿಯಾಗುವುದಿಲ್ಲ, ಅವನಿಗೆ ಸೆರೆವಾಸವಿಲ್ಲ. ಈ ಆಜ್ಞೆಯ ಬಲದಿಂದ ಯಾರೂ ಅವನನ್ನು ಹಿಡಿದು ಬಾಯಿಗೆ ಗುಳಿಗೆಯನ್ನು ತುರುಕುವಂತಿಲ್ಲ, ಸೂಜಿಯನ್ನು ಚುಚ್ಚುವಂತಿಲ್ಲ. ವೈದ್ಯನಿಗೆ ಅಗತ್ಯವೆಂದು ಕಂಡರೆ ಅವನನ್ನು ಆಸ್ಪತ್ರೆಗೆ ಕರೆದೊಯ್ದು 72 ಗಂಟೆಗಳ ಒಳಗಾಗಿ ಪರೀಕ್ಷಿಸಿ, ಅಲ್ಲಿ ಉಳಿಸಿಕೊಳ್ಳುವ ಅಗತ್ಯವುಂಟೇ ಎಂದು ನೋಡಬಹುದು, ಅಷ್ಟೆ. ಹೀಗಿರುವುದರಿಂದಲೇ ಆ ಸಂಸ್ಥಾನದ ಅತ್ಯುಚ್ಚ ನ್ಯಾಯಾಲಯವು 2004ರಲ್ಲಿ ಈ ಕಾನೂನನ್ನು ಸಂವಿಧಾನಕ್ಕೆ ಸಮ್ಮತವೆಂದು ಎತ್ತಿಹಿಡಿಯಿತು.

ಇದನ್ನು ಸಮರ್ಥಿಸುವವರ ವಾದವು ಕಡೆಗಣಿಸತಕ್ಕುದಲ್ಲ. ಕಾಲು ಮುರಿದವನಿಗೆ ಕಾಲು ಮುರಿದಿದೆಯೆಂದು ತಿಳಿಯುತ್ತದೆ. ಜ್ವರ ಬಂದವನಿಗೆ ಜ್ವರದ ಬೇಗೆ ತಾಗುತ್ತದೆ. ಆದರೆ ತೀವ್ರವಾದ ಮನೋರೋಗದಲ್ಲಿ ಅನೇಕರಿಗೆ ತಮಗೆ ರೋಗವಿದೆಯೆಂಬುದೇ ತಿಳಿಯುವುದಿಲ್ಲ. ತಿಳಿಯಬೇಕಾದ ಮನಸ್ಸೇ ರೋಗದ ಮನೆಯಾಗಿರುವುದು ಅದಕ್ಕೆ ಕಾರಣ. ಕಿವಿಯಲ್ಲಿ ಯಾರೋ ಬೈಯುವ ದನಿಯು ಅವನಿಗೆ ನಿಜವಾದ ದನಿ. ನೆರೆಮನೆಯವರು ಅನ್ನದಲ್ಲಿ ವಿಷ ಬೆರೆಸುತ್ತಿದ್ದಾರೆಂಬುದು ಅವನಿಗೆ ಕಣ್ಣಾರೆ ಕಂಡಂತಹ ಸತ್ಯ. ಅಂತಹವನು ‘ನನಗೆ ಔಷಧ ಬೇಡ’ ಎಂದಾಗ ಆ ಮಾತನ್ನು ಆಡಿದವನು ಅವನೋ, ಅವನೊಳಗಿನ ರೋಗವೋ? ಅರಿವಿಗೆ ಮರೆವು ಕವಿದಿರುವಾಗ ಮರೆವಿನ ಮಾತನ್ನು ಅರಿವಿನ ಮಾತೆಂದು ಮನ್ನಿಸುವುದು ಅರಿವಿಗೆ ಮಾಡುವ ಗೌರವವೇ? ಸ್ವಾತಂತ್ರ್ಯದ ಹೆಸರಿನಲ್ಲಿ ಅವನು ಚಳಿಯಲ್ಲಿ ಬೀದಿಯ ಮೂಲೆಯಲ್ಲಿ ಮುದುಡಿ ಸಾಯುವುದನ್ನು ನೋಡುತ್ತ ಕೂಡುವುದು ದಯೆಯ ಲಕ್ಷಣವೇ? ಹೀಗೆ ಕೇಳುವವರಲ್ಲಿ ರೋಗಿಗಳ ತಂದೆತಾಯಂದಿರೂ ಬಹುಮಂದಿ ಉಂಟು. ಅವರ ಕಣ್ಣೀರನ್ನು ತರ್ಕದಿಂದ ಒರೆಸಲಾಗದು.

ವಿರೋಧಿಸುವವರ ವಾದವೂ ಅಷ್ಟೇ ತೂಕವುಳ್ಳದು. ಒಂದು ವಿಷಯದಲ್ಲಿ ಅರಿವು ಮಂಕಾದವನಿಗೆ ಎಲ್ಲ ವಿಷಯದಲ್ಲಿಯೂ ಮಂಕಾಗಿರಬೇಕೆಂದಿಲ್ಲ. ಈ ರೋಗದ ಔಷಧಗಳು ಕೆಲವರ ಕೈಕಾಲು ನಡುಗಿಸುತ್ತವೆ. ಕೆಲವರ ಮೈಯನ್ನು ಭಾರಗೊಳಿಸಿ ಸಕ್ಕರೆಯ ಕಾಯಿಲೆಗೆ ದಾರಿ ಮಾಡುತ್ತವೆ. ಕೆಲವರ ಮನಸ್ಸಿನ ಉಲ್ಲಾಸವನ್ನೇ ಹಿಂಗಿಸುತ್ತವೆ. ಅಂತಹ ಔಷಧವನ್ನು ಬೇಡವೆಂದವನ ಮಾತೆಲ್ಲವೂ ಹುಚ್ಚಿನ ಮಾತೆನ್ನುವುದು ಅನ್ಯಾಯ. ಅದಲ್ಲದೆ, ಮನೋರೋಗಿಗಳಲ್ಲಿ ಬಹುತೇಕರು ಯಾರಿಗೂ ಕೇಡು ಮಾಡುವವರಲ್ಲ. ಪರರಿಂದ ಹಿಂಸೆಗೊಳಗಾಗುವ ಅಪಾಯವೇ ಅವರಿಗೆ ಹೆಚ್ಚು. ಒಬ್ಬನು ಮಾಡಿದ ಕೃತ್ಯವನ್ನು ಕಂಡು ಸಾವಿರಾರು ಸಾಧುಗಳ ಮೇಲೆ ಸಂಶಯದ ಕಣ್ಣಿಡುವುದು ಯುಕ್ತವೇ? ನ್ಯೂಯಾರ್ಕಿನಲ್ಲಿ ಈ ಆಜ್ಞೆಗೆ ಗುರಿಯಾದವರಲ್ಲಿ ಕರಿಯ ಜನರ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚಾಗಿದ್ದುದು ಕಂಡುಬಂದಿತು. ಬಲವನ್ನು ಬಳಸುವ ಅಧಿಕಾರವು ಎಲ್ಲಿದ್ದರೂ ಅದರ ಭಾರವು ಬಡವರ ಬೆನ್ನಿನ ಮೇಲೆಯೇ ಮೊದಲು ಬೀಳುತ್ತದೆಂಬುದನ್ನು ವಿವೇಕಿಗಳು ಮರೆಯಬಾರದು.

ಇನ್ನು ಅನುಭವವು ಏನನ್ನು ಹೇಳುತ್ತದೆ? ಮಾತಿಗಿಂತ ನಡೆಯನ್ನು ಒರೆಗಲ್ಲಾಗಿ ಹಿಡಿದವರು ಶರಣರು. ಆದುದರಿಂದ ಈ ಕಾನೂನನ್ನೂ ಅದರ ಫಲದಿಂದಲೇ ಅಳೆಯಬೇಕು. 2009ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ವಿಸ್ತಾರವಾದ ಪರಿಶೀಲನೆಯು, ಆಜ್ಞೆಗೊಳಪಟ್ಟವರು ಆಸ್ಪತ್ರೆಗೆ ಸೇರುವುದು ಕಡಿಮೆಯಾಯಿತು, ಔಷಧವನ್ನು ಬಿಡದೆ ಪಡೆಯುವುದು ಹೆಚ್ಚಾಯಿತು ಎಂದು ತಿಳಿಸಿತು. ಆದರೆ ಆ ಸಂಸ್ಥಾನವು ಆಜ್ಞೆಯೊಂದನ್ನೇ ಹೊರಡಿಸಿ ಸುಮ್ಮನಿರಲಿಲ್ಲ. ಅದರ ಜೊತೆಗೆ ಸೇವಾಕಾರ್ಯಕ್ಕೆಂದು ಹೇರಳವಾದ ಹಣವನ್ನೂ ಒದಗಿಸಿತ್ತು. ಹಾಗಾದರೆ ಗುಣ ಮಾಡಿದುದು ನ್ಯಾಯಾಧೀಶನ ಆಜ್ಞೆಯೋ, ಮನೆಬಾಗಿಲಿಗೆ ಬಂದ ಸೇವೆಯೋ?

ಇದನ್ನು ಬೇರ್ಪಡಿಸಿ ನೋಡಲು ಕೆಲವರು ಯತ್ನಿಸಿದ್ದಾರೆ. ಕೆಂಡ್ರಾ ಕಾನೂನಿಗೂ ಮುನ್ನ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಇಂತಹ ಆಜ್ಞೆಯ ಪ್ರಯೋಗವೊಂದು ನಡೆದು, ಅದರ ಫಲವು 2001ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದು ಗುಂಪಿಗೆ ಆಜ್ಞೆಯೂ ಸೇವೆಯೂ, ಮತ್ತೊಂದು ಗುಂಪಿಗೆ ಸೇವೆ ಮಾತ್ರವೂ ದೊರೆತವು. ಎರಡು ಗುಂಪುಗಳ ನಡುವೆ ಎಣಿಸತಕ್ಕ ಅಂತರವು ಕಾಣಲಿಲ್ಲ. ಇಂಗ್ಲೆಂಡಿನಲ್ಲಿ 2008ರಿಂದ ಇದೇ ಬಗೆಯ ಆಜ್ಞೆಗಳು ಜಾರಿಗೆ ಬಂದುವು. ಅಲ್ಲಿ ಅವುಗಳನ್ನು ವಿಧಿಸುವವರು ವೈದ್ಯರು. ಆಕ್ಸ್‌ಫರ್ಡಿನ ಟಾಮ್ ಬರ್ನ್ಸ್ ಎಂಬ ಮನೋವೈದ್ಯರು ಇಂತಹ ಕಾನೂನು ಬೇಕೆಂದು ಮೊದಲು ನಂಬಿದ್ದವರು. ಅವರೂ ಅವರ ಸಂಗಡಿಗರೂ 336 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ ಒಂದು ವರ್ಷ ನೋಡಿದರು. ಒಂದು ಗುಂಪಿನ ಮೇಲೆ ದೀರ್ಘಕಾಲದ ನಿರ್ಬಂಧ. ಇನ್ನೊಂದು ಗುಂಪಿನ ಮೇಲೆ ಅಲ್ಪಕಾಲದ ನಿರ್ಬಂಧ. 2013ರಲ್ಲಿ ಪ್ರಕಟವಾದ ಫಲವು ಹೀಗಿದ್ದಿತು: ಮರಳಿ ಆಸ್ಪತ್ರೆಯನ್ನು ಸೇರಿದವರು ಆ ಗುಂಪಿನಲ್ಲಿ ನೂರಕ್ಕೆ 36, ಈ ಗುಂಪಿನಲ್ಲಿಯೂ ನೂರಕ್ಕೆ 36. ಬರ್ನ್ಸರು ತಮ್ಮ ಹಿಂದಿನ ಅಭಿಪ್ರಾಯವನ್ನು ಬಿಟ್ಟುಕೊಟ್ಟರು. ತಾನು ಹಿಡಿದ ಮತವನ್ನು ಸತ್ಯದ ಮುಂದೆ ಇಳಿಸಿಡುವುದು ಸಾಮಾನ್ಯವಾದ ಗುಣವಲ್ಲ.

ಮತ್ತೊಂದು ಕಡೆ, ಉತ್ತರ ಕೆರೊಲಿನಾ ಸಂಸ್ಥಾನದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವು ಸೂಕ್ಷ್ಮವಾದ ಒಂದು ಸಂಗತಿಯನ್ನು ತೋರಿತು. ಎಲ್ಲರನ್ನೂ ಒಟ್ಟಾಗಿ ನೋಡಿದಾಗ ಆಜ್ಞೆಯಿಂದ ಹೇಳತಕ್ಕ ಲಾಭವಾಗಲಿಲ್ಲ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಆಜ್ಞೆಯೂ ಇದ್ದು, ಅದರ ಜೊತೆಗೆ ಸೇವೆಯೂ ಮೇಲಿಂದ ಮೇಲೆ ದೊರೆತವರಲ್ಲಿ ಮಾತ್ರ ಮರಳಿ ಆಸ್ಪತ್ರೆಗೆ ಸೇರುವುದು ತಗ್ಗಿತು. ಆದರೆ ಯಾರ ಆಜ್ಞೆಯನ್ನು ಮುಂದುವರಿಸಬೇಕೆಂಬುದನ್ನು ಚೀಟಿಯೆತ್ತಿ ಗೊತ್ತುಮಾಡಿರಲಿಲ್ಲವಾದ್ದರಿಂದ ಈ ಮಾತನ್ನು ಎಚ್ಚರದಿಂದ ಹಿಡಿಯಬೇಕು. ಇವೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ಸಂಗತಿಯು ಗೋಚರಿಸುತ್ತದೆ. ಸೇವೆಯಿಲ್ಲದ ಆಜ್ಞೆಯು ಬರಿಯ ಕಾಗದ. ಆಜ್ಞೆಯಿಲ್ಲದ ಸೇವೆಯು ಬಹುಮಂದಿಗೆ ಸಾಕು. ಸೇವೆಯು ಬಾಗಿಲಿಗೆ ಬಂದರೂ ಬಾಗಿಲನ್ನು ತೆರೆಯದ ಕೆಲವರಿಗೆ ಮಾತ್ರ ಆಜ್ಞೆಯು ಊರುಗೋಲಾದೀತು.

ಇಲ್ಲಿ ಮೊದಲ ಕಥೆಗೆ ಮರಳಬೇಕು. ಕೆಂಡ್ರಾಳನ್ನು ನೂಕಿದ ಆ ಮನುಷ್ಯನು ಚಿಕಿತ್ಸೆಯನ್ನು ಸದಾ ತಿರಸ್ಕರಿಸಿದವನಲ್ಲ. ಆ ದುರಂತಕ್ಕೆ ಮುಂಚಿನ ವರ್ಷಗಳಲ್ಲಿ ಅವನು ಹಲವು ಸಲ ತಾನಾಗಿಯೇ ಆಸ್ಪತ್ರೆಗೆ ಹೋಗಿದ್ದನು. ತನ್ನ ಮನಸ್ಸಿನ ಗೋಳನ್ನು ಹೇಳಿಕೊಂಡಿದ್ದನು. ಪ್ರತಿ ಸಲವೂ ಸ್ವಲ್ಪ ಕಾಲ ಇಟ್ಟುಕೊಂಡು ಕಳುಹಿಸಲಾಯಿತು. ಸದಾ ಮೇಲ್ವಿಚಾರಣೆಯುಳ್ಳ ವಸತಿಯ ನೆರವು ಅವನಿಗೆ ಬೇಕಾಗಿತ್ತು, ಅದು ದೊರೆಯಲಿಲ್ಲ. ಬಾಗಿಲನ್ನು ತಟ್ಟಿದವನಿಗೆ ಬಾಗಿಲು ತೆರೆಯಲಿಲ್ಲ; ಆಮೇಲೆ, ತಟ್ಟದವರನ್ನು ಒಳಗೆಳೆಯಲು ಕಾನೂನು ಬಂದಿತು. ಈ ವಿಪರ್ಯಾಸವನ್ನು ಕಂಡವನಿಗೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ‘ರೋಗಿಯ ಮೇಲೆ ಬಲವನ್ನು ಬಳಸಬಹುದೇ?’ ಎಂದು ಕೇಳುವ ಮೊದಲು, ‘ರೋಗಿಗೆ ಸಲ್ಲಬೇಕಾದುದನ್ನು ಸಲ್ಲಿಸಲಾಗಿದೆಯೇ?’ ಎಂದು ಕೇಳಬೇಕು. ಸಲ್ಲಿಸದವನಿಗೆ ಬಲವನ್ನು ಬಳಸುವ ಅಧಿಕಾರವು ಎಲ್ಲಿಂದ ಬಂದೀತು? ದಾಸೋಹವನ್ನು ಮಾಡದವನು ಪ್ರಸಾದದ ನಿಯಮಗಳನ್ನು ಬೋಧಿಸಿದಂತೆ ಅದು. ನ್ಯೂಯಾರ್ಕಿನ ಕಾನೂನಿನಲ್ಲಿ ಮೆಚ್ಚತಕ್ಕ ಅಂಶವಿದ್ದರೆ ಅದು ಇದೇ: ನ್ಯಾಯಾಧೀಶನ ಮುಂದಿಟ್ಟ ಚಿಕಿತ್ಸಾಕ್ರಮದಲ್ಲಿ ಬರೆದ ಸೇವೆಗಳನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತವೂ ಹೊರಬೇಕಾಗುತ್ತದೆ. ಕಟ್ಟಿದ ಹಗ್ಗದ ಒಂದು ತುದಿ ರೋಗಿಯಲ್ಲಿದ್ದರೆ ಇನ್ನೊಂದು ತುದಿ ಕಟ್ಟಿದವರಲ್ಲಿಯೂ ಇರುವುದು ನ್ಯಾಯ.

ಇದು ದೂರದ ನಾಡಿನ ವಿಚಾರ, ಗೃಹಸ್ಥರಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಭಾರತದಲ್ಲಿ, ಮನೆಯಲ್ಲಿದ್ದುಕೊಂಡೇ ಔಷಧವನ್ನು ಸೇವಿಸಬೇಕೆಂದು ನ್ಯಾಯಾಲಯವು ಆಜ್ಞಾಪಿಸುವ ಇಂತಹ ಏರ್ಪಾಡು ಇಲ್ಲವೆಂಬುದು ನಿಜ. 2017ರಲ್ಲಿ ಅಂಗೀಕಾರವಾಗಿ 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ತೀವ್ರವಾದ ಸ್ಥಿತಿಯಲ್ಲಿ ರೋಗಿಯನ್ನು ಗೊತ್ತಾದ ಅವಧಿಗೆ ಆಸ್ಪತ್ರೆಗೆ ಸೇರಿಸಲು ಅವಕಾಶ ಕೊಟ್ಟಿದೆ. ಹೊರಗಿನ ಚಿಕಿತ್ಸೆಗೆ ಬಲವಂತವನ್ನು ವಿಧಿಸಿಲ್ಲ. ಆದರೆ ಬಲವಂತವು ಕಾನೂನಿನಲ್ಲಿ ಇಲ್ಲವೆಂದಮಾತ್ರಕ್ಕೆ ಮನೆಗಳಲ್ಲಿ ಇಲ್ಲವೆಂದಾಯಿತೇ? ಅನ್ನದಲ್ಲಿ, ಹಾಲಿನಲ್ಲಿ ಗುಳಿಗೆಯನ್ನು ಪುಡಿಮಾಡಿ ಬೆರೆಸಿ ರೋಗಿಗೆ ತಿಳಿಯದಂತೆ ಕೊಡುವ ಮನೆಗಳು ಎಷ್ಟೋ ಉಂಟು. ಕೋಣೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕವಿಡುವ ಮನೆಗಳೂ ಉಂಟು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಒಂದು ಬಿಡಾರಕ್ಕೆ ಬೆಂಕಿ ಬಿದ್ದಾಗ, ಸರಪಳಿಗಳಿಂದ ಕಟ್ಟಲ್ಪಟ್ಟಿದ್ದವರು ಓಡಲಾರದೆ ಸುಟ್ಟುಹೋದರು. ಮಡಿದವರು 28 ಮಂದಿ. ಅವರನ್ನು ಅಲ್ಲಿ ಬಿಟ್ಟುಹೋದವರು ಹೆಚ್ಚಾಗಿ ಅವರವರ ಬಂಧುಗಳೇ. ಸರಪಳಿಯಿಂದ ಕಟ್ಟುವುದನ್ನು 2017ರ ಕಾಯಿದೆಯು ಸ್ಪಷ್ಟವಾಗಿ ನಿಷೇಧಿಸಿದೆ.

ನ್ಯಾಯಾಲಯದ ಆಜ್ಞೆಗೆ ಅವಧಿಯುಂಟು, ಮೇಲ್ಮನವಿಯುಂಟು, ರೋಗಿಯ ಪರವಾಗಿ ಮಾತನಾಡುವವನುಂಟು. ಅದು ಹಗಲಿನಲ್ಲಿ ನಡೆಯುವ ಕಾರ್ಯ. ಮನೆಯೊಳಗಿನ ಬಲವಂತಕ್ಕೆ ಇವಾವುವೂ ಇಲ್ಲ. ಅದು ಪ್ರೀತಿಯ ಹೆಸರಿನಲ್ಲಿ ಕತ್ತಲೆಯಲ್ಲಿ ನಡೆಯುತ್ತದೆ. ಮರೆಯಲ್ಲಿ ಬೆರೆಸಿದ ಗುಳಿಗೆಯು ರೋಗವನ್ನು ತಗ್ಗಿಸಬಹುದು. ಆದರೆ ಅದು ಒಂದು ದಿನ ಬಯಲಾದಾಗ, ‘ನನ್ನ ಅನ್ನದಲ್ಲಿ ಏನೋ ಬೆರೆಸುತ್ತಾರೆ’ ಎಂಬ ರೋಗಿಯ ಭ್ರಾಂತಿಯೇ ಸತ್ಯವಾಗಿಬಿಡುತ್ತದೆ. ಆಮೇಲೆ ಅವನು ತಾಯಿಯ ಕೈತುತ್ತನ್ನು ನಂಬುವುದು ಹೇಗೆ? ಬೇರೆ ದಾರಿ ಕಾಣದೆ ಹೀಗೆ ಮಾಡಿದ ಬಂಧುಗಳನ್ನು ಜರೆಯುವುದು ಸಲ್ಲದು. ಅವರ ಸಂಕಟವು ನೋಡುವವರಿಗಿಂತ ಅನುಭವಿಸಿದವರಿಗೇ ಗೊತ್ತು. ಆದರೆ ನುಡಿ ಒಂದು, ನಡೆ ಒಂದು ಆಗಬಾರದೆಂಬ ತತ್ತ್ವವು ರೋಗಿಯ ಮುಂದೆಯೂ ಬಿಡತಕ್ಕುದಲ್ಲ.

ಈ ಗಂಟನ್ನು ಸಡಿಲಿಸುವ ಒಂದು ಉಪಾಯವು 2017ರ ಕಾಯಿದೆಯಲ್ಲಿಯೇ ಉಂಟು. ತೀವ್ರ ಮನೋರೋಗವು ಅನೇಕರಲ್ಲಿ ಏರಿಳಿಯುತ್ತ ನಡೆಯುತ್ತದೆ. ಗ್ರಹಣ ಬಿಟ್ಟ ಚಂದ್ರನಂತೆ ಮನಸ್ಸು ತಿಳಿಯಾಗಿರುವ ತಿಂಗಳುಗಳೂ ವರ್ಷಗಳೂ ಇರುತ್ತವೆ. ಅಂತಹ ತಿಳಿಯಾದ ದಿನಗಳಲ್ಲಿ ರೋಗಿಯು, ‘ಮುಂದೆ ನನ್ನ ಅರಿವು ಮಸುಕಾದರೆ ನನಗೆ ಇಂತಹ ಚಿಕಿತ್ಸೆಯು ಬೇಕು, ಇಂತಹುದು ಬೇಡ; ನನ್ನ ಪರವಾಗಿ ಇಂತಹವರು ಮಾತನಾಡಲಿ’ ಎಂದು ಮುಂಗಡವಾಗಿ ಬರೆದಿಡಬಹುದು. ಅರಿವು ಇದ್ದಾಗ ಆಡಿದ ಆ ಮಾತು ಅರಿವು ಇಲ್ಲದಾಗ ಅವನನ್ನು ಕಾಯುತ್ತದೆ. ಆಗ ಬಂಧುಗಳು ಅವನನ್ನು ವೈದ್ಯರಲ್ಲಿಗೆ ಕರೆದೊಯ್ದರೆ ಅದು ಪರರ ಇಚ್ಛೆಯ ಹೇರಿಕೆಯಾಗದು. ಅವನದೇ ಇಚ್ಛೆಯ ಪಾಲನೆಯಾದೀತು. ಗೃಹಸ್ಥರು ಮಾಡತಕ್ಕ ಕೆಲಸವೆಂದರೆ ಆ ಒಳ್ಳೆಯ ದಿನಗಳನ್ನು ವ್ಯರ್ಥಗೊಳಿಸದಿರುವುದು. ರೋಗವು ತಗ್ಗಿದೊಡನೆ ಅದರ ಮಾತೇ ಬೇಡವೆಂದು ಮುಚ್ಚಿಡುವ ಮನೆಗಳು ಬಹಳ. ನೆಂಟರಿಗೆ ತಿಳಿದೀತು, ಹೆಣ್ಣು ಕೊಡುವವರು ಹಿಂಜರಿದಾರು ಎಂಬ ಅಂಜಿಕೆಯು ಬಾಯಿಯನ್ನು ಕಟ್ಟುತ್ತದೆ. ಹಾಗೆ ಮುಚ್ಚಿಟ್ಟ ಮನೆಯಲ್ಲಿ ಮುಂದಿನ ಸಲ ಬಲಪ್ರಯೋಗವಲ್ಲದೆ ಬೇರೆ ಗತಿಯೇ ಉಳಿಯುವುದಿಲ್ಲ.

ಸೇವೆಯು ಬಲವನ್ನು ಅನಾವಶ್ಯಕವಾಗಿಸುತ್ತದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನಗಳುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ರೋಗಿಯೊಡನೆ ಮನೆಯವರೂ ಉಳಿದುಕೊಂಡು ರೋಗದ ಲಕ್ಷಣಗಳನ್ನೂ ಆರೈಕೆಯ ಕ್ರಮವನ್ನೂ ಕಲಿಯುವ ಪದ್ಧತಿಯು ಬೆಳೆದುಬಂದಿದೆ. 1980ರ ದಶಕದಲ್ಲಿ ಅದೇ ಸಂಸ್ಥೆಯ ನೆರವಿನಿಂದ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗದ ಚಿಕಿತ್ಸೆಯನ್ನು ಕಲಿಸಲಾಯಿತು. ಔಷಧವು ರೋಗಿಯ ಊರಿನ ಸಮೀಪಕ್ಕೆ ಬಂದಿತು. ಆ ಪ್ರಯೋಗವೇ 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಿಂದ 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಮನಸ್ಸಿನ ತೊಂದರೆಗಳಿಗೆ ಶುಲ್ಕವಿಲ್ಲದೆ ಸಲಹೆಯು ದೊರೆಯುತ್ತಿದೆ. ಚಿಕಿತ್ಸೆಯು ಕೈಗೆಟಕುವಂತಿದ್ದರೆ ಕೈಹಿಡಿದು ಎಳೆಯಬೇಕಾದ ಪ್ರಸಂಗಗಳು ತಾವಾಗಿ ಕಡಿಮೆಯಾಗುತ್ತವೆ.

ಹೀಗಿರಲು, ಬಲಪ್ರಯೋಗವು ಎಂದಿಗೂ ಸಲ್ಲದೆಂದು ಹೇಳುವುದು ದಯೆಯನ್ನು ಮರೆತ ಮಾತಾದೀತು. ಹಿತಕ್ಕಾಗಿ ಏನು ಮಾಡಿದರೂ ಸಲ್ಲುವುದೆಂದು ಹೇಳುವುದು ಅರಿವನ್ನು ಮರೆತ ಮಾತಾದೀತು. ಬಲವನ್ನು ಬಳಸಲೇಬೇಕಾದವನು ತನ್ನನ್ನು ತಾನು ಕೆಲವು ಮಾತುಗಳನ್ನು ಕೇಳಿಕೊಳ್ಳಲಿ. ಇವನಿಗೆ ಸಲ್ಲಬೇಕಾದ ಸೇವೆಯನ್ನು ಮೊದಲು ಸಲ್ಲಿಸಿದ್ದೇನೆಯೇ? ಈ ಕಾರ್ಯವನ್ನು ಇವನ ಮುಖವನ್ನು ನೋಡಿ ಮಾಡಬಲ್ಲೆನೇ, ಅಥವಾ ಮರೆಯಲ್ಲಿ ಮಾಡಬೇಕಾಗಿದೆಯೇ? ಇದಕ್ಕೊಂದು ಕೊನೆಯನ್ನು ಗೊತ್ತುಮಾಡಿದ್ದೇನೆಯೇ? ಇದು ಇವನ ಅರಿವನ್ನು ಇವನಿಗೆ ಮರಳಿ ತಂದುಕೊಡುವುದಕ್ಕಾಗಿಯೇ, ಅಥವಾ ತನ್ನ ನೆಮ್ಮದಿಗಾಗಿಯೇ? ಈ ಕೊನೆಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವನ್ನು ಕೊಡುವುದು ಎಲ್ಲಕ್ಕಿಂತ ಕಷ್ಟ.

ಮನೋರೋಗಿಯ ದೇಹವೂ ದೇಗುಲವೇ. ದೀಪವು ಮಂಕಾಗಿದೆಯೆಂದು ಯಾವ ಭಕ್ತನೂ ದೇಗುಲವನ್ನು ಕೆಡವುವುದಿಲ್ಲ, ಬಾಗಿಲಿಗೆ ಬೀಗವಿಕ್ಕಿ ಮರೆತುಹೋಗುವುದೂ ಇಲ್ಲ. ಅವನು ಬತ್ತಿಯನ್ನು ಸರಿಪಡಿಸುತ್ತಾನೆ, ಎಣ್ಣೆಯನ್ನು ಎರೆಯುತ್ತಾನೆ, ಗಾಳಿ ತಾಗದಂತೆ ಕೈಯನ್ನು ಮರೆಯೊಡ್ಡುತ್ತಾನೆ. ಆ ಕೈ ಜ್ವಾಲೆಯನ್ನು ಕಾಯುವಷ್ಟು ಸಮೀಪದಲ್ಲಿರಬೇಕು, ನಂದಿಸುವಷ್ಟು ಸಮೀಪದಲ್ಲಿರಬಾರದು.